ಮಕ್ಕಳ ಆಹಾರವೂ ಮನೆಯವರ ಹೊಣೆಯೂ

ಓದತಕ್ಕ ವೇದಭಾಗಗಳು: ವಿಮೋಚನಕಾಂಡ 16ನೆಯ ಅಧ್ಯಾಯ, 13ರಿಂದ 21ನೆಯ ವಚನಗಳು, ಲೂಕನ ಸುವಾರ್ತೆ 11ನೆಯ ಅಧ್ಯಾಯ, 11ರಿಂದ 13ನೆಯ ವಚನಗಳು.



ನಮ್ಮ ಸೀಮೆಯಲ್ಲಿ ಹಸಿವೆಯ ಕಥೆಯನ್ನು ಕೇಳದೆ ಬೆಳೆದ ಮನೆ ಒಂದೂ ಇಲ್ಲ. 1876ರಿಂದ 1878ರ ವರೆಗೆ ಬಿದ್ದ ದೊಡ್ಡ ಬರದಲ್ಲಿ, ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ನಾಡು ಎಷ್ಟೋ ಜನರನ್ನು ಕಳಕೊಂಡಿತು. ಡೋಣಿ ಬೆಳೆದರೆ ಓಣಿಯೆಲ್ಲಾ ಕಾಳು ಎಂದು ಹಿರಿಯರು ಹೇಳುವ ಮಾತಿನಲ್ಲಿ ಸಂತೋಷವುಂಟು. ಡೋಣಿ ಬೆಳೆಯದ ವರುಷಗಳ ಭಯವೂ ಅದರೊಳಗೆ ಅಡಗಿ ಉಂಟು. ಹೀಗಿರಲಾಗಿ ಮೈತುಂಬಿದ ಕೂಸನ್ನು ಕಂಡು ನಮ್ಮ ತಾಯಂದಿರು ದೇವರನ್ನು ಸ್ತುತಿಸುವದರಲ್ಲಿ ಆಶ್ಚರ್ಯವೇನು? ಆದರೆ ಮೈತುಂಬುವದೆಲ್ಲಾ ಪುಷ್ಟಿಯಲ್ಲ. ಬಡವರ ಮನೆಯ ಮಕ್ಕಳಲ್ಲಿಯೂ ಬೊಜ್ಜೆಂಬ ರೋಗವು ಈಗ ಸೇರುತ್ತಲಿದೆ. ಅದು ಹೇಗೆ ಬರುತ್ತದೆಂಬದನ್ನೂ, ಮನೆಯವರೆಲ್ಲರು ಕೂಡಿ ಅದನ್ನು ಹೇಗೆ ತಡೆಯಬಹುದೆಂಬದನ್ನೂ ಈ ಪಾಠದಲ್ಲಿ ವಿಚಾರಿಸೋಣ.

ಕಳ್ಳಕವಟಗಿಯ ಕಡೆಯಲ್ಲಿ ಸಂಜೆಯ ಪ್ರಾರ್ಥನೆಗಾಗಿ ಒಂದು ಮನೆಗೆ ಹೋದಾಗ ನಾವು ಕಂಡದ್ದನ್ನು ಮೊದಲು ಹೇಳುವೆವು. ತಾಯಿತಂದೆಗಳಿಬ್ಬರೂ ದ್ರಾಕ್ಷಿತೋಟದ ಕೂಲಿಯಿಂದ ಆಗತಾನೇ ತಿರಿಗಿ ಬಂದಿದ್ದರು. ಒಂಬತ್ತು ವರುಷದ ಮಗನು ಮೂಲೆಯಲ್ಲಿ ಕೂತು, ಫೋನನ್ನು ನೋಡುತ್ತಾ, ಅಂಗಡಿಯಿಂದ ತಂದ ಪೊಟ್ಟಣದಿಂದ ಕರಿದ ತಿಂಡಿಯನ್ನು ತಿನ್ನುತ್ತಿದ್ದನು. ಅವನ ಮೈ ಅವನ ವಯಸ್ಸಿಗೆ ಮೀರಿ ದಪ್ಪವಾಗಿತ್ತು. ಅವನ ತಂಗಿ, ಐದು ವರುಷದವಳು, ಕಡ್ಡಿಯಂತೆ ಒಣಗಿ, ತಾಯಿಯ ಸೀರೆಯನ್ನು ಹಿಡುಕೊಂಡು ನಿಂತಿದ್ದಳು. ಅವಳ ಕೈಯಲ್ಲಿ ಚಹದಲ್ಲಿ ಅದ್ದಿದ ಬಿಸ್ಕೀಟು ಇತ್ತು. ಹುಡುಗನು ಸಂಡೇಸ್ಕೂಲಿಗೆ ಬಾರದೆ ಮೂರು ವಾರಗಳಾಗಿದ್ದವು. ಕಾರಣವೇನೆಂದು ವಿಚಾರಿಸಲಾಗಿ, ಜೊತೆಯ ಮಕ್ಕಳು ಅವನನ್ನು ಡೊಳ್ಳನೆಂದು ಕರೆದು ನಗುತ್ತಾರೆಂದು ತಿಳಿಯಿತು. ತಿಂಡಿಯ ವಿಷಯವಾಗಿ ನಾವು ಒಂದು ಮಾತು ಆಡಿದಾಗ, ಸಕ್ಕರೆರೋಗದಿಂದ ಬಳಲುತ್ತಿದ್ದ ಅಜ್ಜಿಯು ಹೇಳಿದ್ದೇನಂದರೆ: “ಅವನರ ಹೊಟ್ಟಿ ತುಂಬ ತಿನ್ಲಿ ಬಿಡ್ರಿ, ಅಯ್ಯನವರ. ನಾವಂತೂ ಅರಹೊಟ್ಟಿಲೆ ಬೆಳದವರು.”

ಆ ಮಾತಿಗೆ ನಾವು ಆಗ ಉತ್ತರ ಕೊಡಲಾರದೆ ಹೋದೆವು. ಯಾಕಂದರೆ ಅದು ಪ್ರೀತಿಯ ಮಾತಾಗಿತ್ತು. ಈ ಪಾಠವು ಆ ವೃದ್ಧ ತಾಯಿಗೆ ನಾವು ತಡವಾಗಿ ಕೊಡುವ ಉತ್ತರವೆಂದು ತಿಳಿಯಿರಿ.

1. ಕೇಡು ಬಂದ ಬಗೆ

ಬೊಜ್ಜು ಸಾವುಕಾರರ ರೋಗವೆಂದು ಅನೇಕರು ನೆನಸುತ್ತಾರೆ. ಮೊದಲು ಹಾಗಿದ್ದಿರಬಹುದು. ಆದರೆ 2025ರಲ್ಲಿ ಯುನಿಸೆಫ್ ಸಂಸ್ಥೆಯವರು ಪ್ರಕಟಿಸಿದ ವರದಿಯ ಪ್ರಕಾರ, ಲೋಕದಲ್ಲಿ 5ರಿಂದ 19 ವರುಷದ ಮಕ್ಕಳೊಳಗೆ ಬೊಜ್ಜುಳ್ಳವರು 100ಕ್ಕೆ 9.4 ಮಂದಿಯೂ, ತೂಕ ಸಾಲದವರು 9.2 ಮಂದಿಯೂ ಆಗಿದ್ದಾರೆ. ಬೊಜ್ಜುಳ್ಳ ಮಕ್ಕಳ ಲೆಕ್ಕವು ತೂಕ ಸಾಲದ ಮಕ್ಕಳ ಲೆಕ್ಕವನ್ನು ಮೀರಿದ್ದು ಇದೇ ಮೊದಲು. ನಮ್ಮ ರಾಜ್ಯದ ಸ್ಥಿತಿಯು ಇನ್ನೊಂದು ವಿಧವಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಐದು ವರುಷದೊಳಗಿನ ಮಕ್ಕಳೊಳಗೆ 100ಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರಾಗಿ ಕಾಣಬಂದರು, ಅತಿತೂಕದವರು 3.2 ಮಂದಿ. ಈ ಎರಡನೆಯ ಲೆಕ್ಕವು ಚಿಕ್ಕದೇ ಸರಿ. ಆದರೆ ನಾಲ್ಕೈದು ವರುಷಗಳ ಹಿಂದಿನ ಸಮೀಕ್ಷೆಯಲ್ಲಿ ಅದು 2.6 ಆಗಿತ್ತು. ಅಂದರೆ ಹಳೇ ಶತ್ರುವು ಮನೆಯನ್ನು ಬಿಟ್ಟು ಹೋಗುವ ಮೊದಲೇ ಹೊಸ ಶತ್ರುವು ಒಳಗೆ ಬಂದಿದ್ದಾನೆ. ನಾವು ಕಂಡ ಮನೆಯಲ್ಲಿ ಅಣ್ಣನೂ ತಂಗಿಯೂ ಇದಕ್ಕೆ ಸಾಕ್ಷಿಗಳಾಗಿದ್ದರು.

ಬಡವರ ಮನೆಗೆ ಇದು ಬಂದ ಬಗೆ ಹೇಗಂದರೆ: ಮೈದಾ, ಸಕ್ಕರೆ, ಎಣ್ಣೆ ಈ ಮೂರೂ ಅಗ್ಗವಾಗಿ ದೊರೆಯುತ್ತವೆ. ಇವುಗಳಿಂದ ಮಾಡಿದ ತಿಂಡಿಯು ಐದು ಹತ್ತು ರೂಪಾಯಿಗಳ ಪೊಟ್ಟಣಗಳಲ್ಲಿ ಹಳ್ಳಿಯ ಪ್ರತಿಯೊಂದು ಕಿರಾಣಿ ಅಂಗಡಿಯಲ್ಲಿಯೂ ತೂಗಾಡುತ್ತದೆ. ತಾಯಿತಂದೆಗಳು ಬೆಳಗಾಗುವದರೊಳಗೆ ಕೂಲಿಗೆ ಹೋಗಬೇಕು. ರೊಟ್ಟಿ ಬಡಿಯುವದಕ್ಕೆ ಸಮಯವೂ ಬಲವೂ ಬೇಕು. ಆದಕಾರಣ ಮಗುವಿನ ಕೈಯಲ್ಲಿ ಒಂದು ನಾಣ್ಯವನ್ನಿಟ್ಟು ಹೋಗುತ್ತಾರೆ. ದಿನವೆಲ್ಲಾ ಮಗುವನ್ನು ಬಿಟ್ಟಿದ್ದ ದುಃಖವನ್ನು ಸಂಜೆ ಇನ್ನೊಂದು ಪೊಟ್ಟಣದಿಂದ ತೀರಿಸುತ್ತಾರೆ. ಆ ತಿಂಡಿಯು ಹೊಟ್ಟೆಯನ್ನು ತುಂಬುತ್ತದೆ, ಕೊಬ್ಬನ್ನು ಬೆಳಿಸುತ್ತದೆ. ಎಲುಬಿಗೂ ರಕ್ತಕ್ಕೂ ಬೇಕಾದದ್ದನ್ನೋ ಕೊಡುವದಿಲ್ಲ. ಹೀಗೆ ಒಂದೇ ಮಗುವು ದಪ್ಪವಾಗಿಯೂ ರಕ್ತಹೀನವಾಗಿಯೂ ಇರಬಹುದು. ಇದರಲ್ಲಿ ತಾಯಿಯ ಅಲಕ್ಷ್ಯಕ್ಕಿಂತ ಅವಳ ಆಯಾಸವೇ ಹೆಚ್ಚು. ಅವಳನ್ನು ದೂಷಿಸುವದಕ್ಕಾಗಿ ನಾವು ಬರೆಯುತ್ತಿಲ್ಲ.

2. ಮೈಸೂರಿನ ಮಿಷನ್ ಆಸ್ಪತ್ರೆಯ ದಾಖಲೆಗಳು

ನಮ್ಮ ಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರವಾಗಿರತಕ್ಕದ್ದಕ್ಕೆ ಒಂದು ವಿಶೇಷ ಕಾರಣವುಂಟು. ಇದನ್ನು ತಿಳಿಸಿಕೊಟ್ಟದ್ದು ನಮ್ಮ ರಾಜ್ಯದ ಒಂದು ಮಿಷನ್ ಆಸ್ಪತ್ರೆಯೇ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯು 1906ರಲ್ಲಿ ಸ್ತ್ರೀಯರ ಮತ್ತು ಮಕ್ಕಳ ಸೇವೆಗಾಗಿ ತೆರೆಯಲ್ಪಟ್ಟಿತು. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವುಗಳನ್ನು ದಾದಿಯರು ತಪ್ಪದೆ ಬರೆದಿಟ್ಟರು. ಆ ಬರಹವು ಮುಂದೆ ಯಾವ ಉಪಯೋಗಕ್ಕೆ ಬರುವದೆಂದು ಅವರಿಗೆ ಗೊತ್ತಿರಲಿಲ್ಲ. ಅರುವತ್ತು ವರುಷಗಳಾದ ಮೇಲೆ ವೈದ್ಯರು ಆ ದಾಖಲೆಗಳನ್ನು ತೆರೆದು, 1934ರಿಂದ 1954ರ ವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿ, 1996ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಇಲ್ಲವೆ ಅದಕ್ಕೂ ಕಡಮೆ ಇದ್ದವರೊಳಗೆ 100ಕ್ಕೆ 11 ಮಂದಿಗೆ ಹೃದಯರೋಗವಿತ್ತು, 3.1 ಕಿಲೋ ಅಥವಾ ಹೆಚ್ಚು ಇದ್ದವರೊಳಗೆ 3 ಮಂದಿಗೆ ಮಾತ್ರ.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರುಷವರುಷವೂ ಅಳೆಯುತ್ತಾ ಬಂದರು. ನಮ್ಮ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೂಕದಲ್ಲಿಯೂ ಮಾಂಸಖಂಡದಲ್ಲಿಯೂ ಕಡಮೆಯಾಗಿದ್ದರೂ, ಬೆನ್ನಿನ ಚರ್ಮದ ಕೆಳಗಿನ ಕೊಬ್ಬಿನಲ್ಲಿ ಕಡಮೆಯಾಗಿರಲಿಲ್ಲವೆಂದು ಕಂಡುಬಂತು. ಅಂದರೆ ತಾಯಿಯ ಗರ್ಭದಲ್ಲಿ ಸಾಕಷ್ಟು ಪೋಷಣೆ ಸಿಗದ ಕೂಸು, ಬರಗಾಲದ ಒಕ್ಕಲಿಗನು ಕಾಳನ್ನು ಹಗೇವಿನಲ್ಲಿ ಹೂಳಿಡುವಂತೆ, ಕೊಬ್ಬನ್ನು ಕೂಡಿಟ್ಟುಕೊಳ್ಳುವ ಸ್ವಭಾವದೊಡನೆ ಹುಟ್ಟುತ್ತದೆ. ಅಂಥ ಮಗುವಿಗೆ ಮುಂದೆ ಸಕ್ಕರೆಯನ್ನೂ ಎಣ್ಣೆಯನ್ನೂ ಅಳತೆಯಿಲ್ಲದೆ ಕೊಟ್ಟರೆ, ಸಕ್ಕರೆರೋಗವೂ ಹೃದಯರೋಗವೂ ಎಳೇ ವಯಸ್ಸಿನಲ್ಲಿಯೇ ಬಾಗಿಲಿಗೆ ಬರುತ್ತವೆ. ಅರಹೊಟ್ಟಿಲೆ ಬೆಳೆದ ಅಜ್ಜಿಯ ಮೊಮ್ಮಗನಿಗೆ ಪೊಟ್ಟಣದ ತಿಂಡಿಯು ಬೇರೆಯವರಿಗಿಂತ ಹೆಚ್ಚು ಕೇಡು ಮಾಡಬಲ್ಲದು ಎಂಬದೇ ಆಕೆಗೆ ನಮ್ಮ ಮೊದಲನೆಯ ಉತ್ತರ.

3. ಮಗುವನ್ನಲ್ಲ, ಮನೆಯನ್ನು ತಿದ್ದಬೇಕು

ಇಷ್ಟನ್ನು ಕೇಳಿದ ಕೂಡಲೇ ಕೆಲವರು ಮನೆಗೆ ಹೋಗಿ ದಪ್ಪನಾದ ಮಗುವಿನ ತಟ್ಟೆಯನ್ನು ಕಸಕೊಳ್ಳುವರು. ಅದು ತಪ್ಪು. ತಂದೆಯು ಮಿರ್ಚಿಭಜಿ ತಿನ್ನುತ್ತಾ ಮಗನಿಗೆ ಬೇಡವೆಂದರೆ, ಮಗನು ಕಲಿಯುವದು ಕದ್ದು ತಿನ್ನುವದನ್ನೇ.

ಈ ವಿಷಯದಲ್ಲಿ ಪರದೇಶದ ಪಂಡಿತರು ಬಹುಕಾಲ ಶೋಧಿಸಿದ್ದಾರೆ. ಅಮೇರಿಕದ ಲಿಯೊನಾರ್ಡ್ ಎಪ್‌ಸ್ಟೈನ್ ಎಂಬವರೂ ಅವರ ಜೊತೆಗಾರರೂ 6ರಿಂದ 12 ವರುಷದ ಬೊಜ್ಜುಳ್ಳ ಮಕ್ಕಳನ್ನೂ ಅವರ ತಾಯಿತಂದೆಗಳನ್ನೂ ಗುಂಪುಗುಂಪಾಗಿ ವಿಂಗಡಿಸಿ ಬೋಧಿಸಿದರು. ಹತ್ತು ವರುಷಗಳ ತರುವಾಯದ ಫಲವನ್ನು 1990ರಲ್ಲಿ ಪ್ರಕಟಿಸಿದರು. ಮಗುವೂ ತಾಯಿತಂದೆಗಳೂ ಕೂಡಿ ಊಟದ ರೀತಿಯನ್ನು ತಿದ್ದಿಕೊಂಡ ಮನೆಗಳಲ್ಲಿ ಮಕ್ಕಳ ಅತಿತೂಕದ ಪ್ರಮಾಣವು ಸರಾಸರಿ 100ಕ್ಕೆ 7.5ರಷ್ಟು ಇಳಿದಿತ್ತು. ನಡತೆಯನ್ನು ಲೆಕ್ಕಕ್ಕೆ ಹಿಡಿಯದೆ ಹಾಜರಿಯನ್ನು ಮಾತ್ರ ಮೆಚ್ಚಿದ ಗುಂಪಿನಲ್ಲಿ ಅದು 14.3ರಷ್ಟು ಏರಿತ್ತು. ಇಸ್ರಾಯೇಲ್ ದೇಶದಲ್ಲಿ ಮೊರಿಯಾ ಗೊಲಾನ್ ಎಂಬವರು ಮತ್ತೂ ಮುಂದೆ ಹೋದರು. ಅವರು ಒಂದು ಗುಂಪಿನಲ್ಲಿ ಮಕ್ಕಳನ್ನು ಕರೆಯದೆ ತಾಯಿತಂದೆಗಳಿಗೆ ಮಾತ್ರ ಬೋಧಿಸಿದರು. ಇನ್ನೊಂದರಲ್ಲಿ ಮಕ್ಕಳಿಗೆ ಮಾತ್ರ ಬೋಧಿಸಿದರು. 1998ರಲ್ಲಿ ಪ್ರಕಟವಾದ ಫಲವೇನಂದರೆ, ತಾಯಿತಂದೆಗಳಿಗೆ ಬೋಧಿಸಿದ ಮನೆಗಳ ಮಕ್ಕಳೇ ಹೆಚ್ಚು ಗುಣಹೊಂದಿದರು.

ನಮಗೆ ಇದು ಹೊಸ ಬೋಧನೆಯಲ್ಲ. ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಮನ್ನವನ್ನು ಕೊಟ್ಟಾಗ, ಅದನ್ನು ಗುಡಾರ ಗುಡಾರಕ್ಕೆ, ಮನೆಯವರ ತಲೆಯ ಲೆಕ್ಕಕ್ಕೆ ಸರಿಯಾಗಿ ಕೂಡಿಸಬೇಕೆಂದು ಆಜ್ಞಾಪಿಸಿದನು. ಹೆಚ್ಚು ಕೂಡಿಸಿದವನಿಗೆ ಮಿಕ್ಕಲಿಲ್ಲ, ಕಡಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಒಂದು ಗುಡಾರದಲ್ಲಿ ಒಬ್ಬನಿಗೆ ಒಂದು ಬಗೆ, ಇನ್ನೊಬ್ಬಳಿಗೆ ಇನ್ನೊಂದು ಬಗೆ ಇರಲಿಲ್ಲ. ನಮ್ಮ ಮನೆಗಳಲ್ಲಿಯೋ ಮಗನಿಗೆ ತುಪ್ಪ, ಮಗಳಿಗೆ ತಿಳಿಸಾರು, ಎಲ್ಲರ ಊಟವಾದ ಮೇಲೆ ತಾಯಿಗೆ ತಳದಲ್ಲಿ ಉಳಿದದ್ದು. ಆ ತಾಯಿಯೇ ನಾಳೆ ಗರ್ಭಿಣಿಯಾಗುವವಳು. ಮೈಸೂರಿನ ದಾಖಲೆಗಳ ಮಾತು ಆಗ ನಮ್ಮ ಮನೆಯಲ್ಲಿಯೇ ನೆರವೇರುವದು. ಆದಕಾರಣ ಒಂದೇ ಒಲೆ, ಒಂದೇ ಅಡಿಗೆ, ಎಲ್ಲರಿಗೂ ಒಂದೇ ಪಂಕ್ತಿ ಇರಲಿ. ಅದೇ ಊಟವು ದಪ್ಪನಾದ ಅಣ್ಣನನ್ನು ತಗ್ಗಿಸುವದು, ಬಡಕಲಾದ ತಂಗಿಯನ್ನು ಎತ್ತುವದು.

4. ಮನೆಯಲ್ಲಿ ಮಾಡತಕ್ಕವುಗಳು

(ಅ) ದಿನಕ್ಕೆ ಒಂದು ಊಟವನ್ನಾದರೂ ಎಲ್ಲರೂ ಕೂಡಿ ಮಾಡಿರಿ. ಸಂಜೆಯ ಪ್ರಾರ್ಥನೆಯಾದ ಮೇಲೆ ಕೂತರೆ ಒಳ್ಳೇದು. ಆ ಹೊತ್ತಿನಲ್ಲಿ ಫೋನೂ ಟೀವಿಯೂ ಬೇಡ. ಅವುಗಳನ್ನು ನೋಡುತ್ತಾ ತಿನ್ನುವ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದು ತಿಳಿಯುವದಿಲ್ಲ.

(ಆ) ಏನನ್ನು, ಯಾವಾಗ, ಎಲ್ಲಿ ಉಣ್ಣಬೇಕೆಂಬದನ್ನು ಹಿರಿಯರು ನೇಮಿಸಲಿ. ಎಷ್ಟು ಉಣ್ಣಬೇಕೆಂಬದನ್ನು ಮಗುವಿನ ಹೊಟ್ಟೆಯೇ ಹೇಳಲಿ. ಸಾಕೆಂದ ಮಗುವಿನ ಬಾಯಲ್ಲಿ ಇನ್ನೊಂದು ತುತ್ತನ್ನು ತುರುಕಬೇಡಿರಿ. ಹೊಸ ಪಲ್ಯವನ್ನು ಮಗುವು ಒಂದು ಸಾರೆ ಬೇಡವೆಂದರೆ ಬಿಟ್ಟುಬಿಡದೆ, ಎಂಟು ಹತ್ತು ಸಾರೆ ಸ್ವಲ್ಪಸ್ವಲ್ಪವಾಗಿ ತಟ್ಟೆಯಲ್ಲಿಡಿರಿ. ನಾಲಿಗೆಯು ಮೆಲ್ಲಗೆ ಕಲಿಯುತ್ತದೆ.

(ಇ) ನಮ್ಮ ನೆಲದ ಜೋಳವನ್ನು ಬಿಡಬೇಡಿರಿ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇರುತ್ತದೆ; ಅಷ್ಟೇ ತೂಕದ ಬಿಳೀ ಅಕ್ಕಿಯಲ್ಲಿ 3 ಗ್ರಾಂ ಕೂಡಾ ಇಲ್ಲ. ಪಡಿತರದ ಅಕ್ಕಿಯನ್ನು ನಾವು ಹೀನೈಸುವದಿಲ್ಲ. ಅದು ಅನೇಕ ಮನೆಗಳ ಹಸಿವೆಯನ್ನು ನೀಗಿಸಿದೆ. ಆದರೆ ಅನ್ನವೊಂದನ್ನೇ ತಟ್ಟೆಯ ತುಂಬ ಹಾಕದೆ, ಅದರ ಸಂಗಡ ಬೇಳೆ, ಮಡಕಿಕಾಳು, ಹೆಸರುಕಾಳು, ಪುಂಡಿಪಲ್ಯ, ಮೆಂತೆಪಲ್ಯ, ಮಜ್ಜಿಗೆ ಇವುಗಳಲ್ಲಿ ಸಿಕ್ಕದ್ದನ್ನು ಸೇರಿಸಿರಿ. ತಟ್ಟೆಯ ಅರ್ಧವು ಪಲ್ಯ ಕಾಯಿಗಳಿಂದ ತುಂಬಿದರೆ ಉತ್ತಮ. ಶೇಂಗಾದ ನೂರು ಗ್ರಾಮಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನು ಉಂಟು; ಚಟ್ನಿಪುಡಿಯನ್ನು ಬಡವರ ಮಾಂಸವೆಂದರೆ ತಪ್ಪಲ್ಲ.

(ಈ) ಸಕ್ಕರೆಯನ್ನು ಅಳೆಯಿರಿ. ದಿನಕ್ಕೆ ಒಬ್ಬರಿಗೆ 25 ಗ್ರಾಮಿಗಿಂತ ಹೆಚ್ಚಾಗಬಾರದೆಂದು ವೈದ್ಯರ ಅಭಿಪ್ರಾಯ. 250 ಮಿಲಿಲೀಟರಿನ ತಂಪುಪಾನೀಯದ ಒಂದು ಸೀಸೆಯಲ್ಲಿಯೇ ಅಷ್ಟು ಸಕ್ಕರೆ ಇರುತ್ತದೆ. ಮಕ್ಕಳಿಗೆ ಚಹ ಬೇಡ. ಊಟದ ಸಂಗಡ ಕುಡಿದ ಚಹವು ಆಹಾರದ ಕಬ್ಬಿಣವನ್ನು ಮೈಗೆ ಹತ್ತಗೊಡುವದಿಲ್ಲ. ನೀರು, ಮಜ್ಜಿಗೆ, ಅಂಬಲಿ ಇವೇ ಸಾಕು. ಎಣ್ಣೆಯು ತಿಂಗಳಿಗೆ ತಲೆಗೆ ಸುಮಾರು ಅರ್ಧ ಲೀಟರಿಗೆ ಮೀರದಿರಲಿ. ಒಂದು ಸಾರೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿರಿ.

(ಉ) ಪೊಟ್ಟಣದ ಲೆಕ್ಕ ಮಾಡಿರಿ. ಇಬ್ಬರು ಮಕ್ಕಳಿಗೆ ದಿನಕ್ಕೆ ಹತ್ತು ಹತ್ತು ರೂಪಾಯಿಯೆಂದರೆ ತಿಂಗಳಿಗೆ 600, ವರುಷಕ್ಕೆ 7,200 ರೂಪಾಯಿ. ಆ ಹಣದಿಂದ ಮೊಟ್ಟೆ, ಪುಟಾಣಿ, ಶೇಂಗಾ, ಬಾಳೆಹಣ್ಣು ತರಬಹುದು. ಪೊಟ್ಟಣದ ಬೆನ್ನಿನಲ್ಲಿ ಅದರೊಳಗಿನ ಪದಾರ್ಥಗಳ ಹೆಸರುಗಳು, ಯಾವದು ಹೆಚ್ಚೋ ಅದು ಮೊದಲು ಎಂಬ ಕ್ರಮದಲ್ಲಿ ಅಚ್ಚಾಗಿರುತ್ತವೆ. ಶಾಲೆಗೆ ಹೋಗುವ ಮಗುವಿನಿಂದಲೇ ಅದನ್ನು ಓದಿಸಿ ಕೇಳಿರಿ. ಎಣ್ಣೆ ಸಕ್ಕರೆಗಳು ಮೊದಲ ಸಾಲಿನಲ್ಲಿದ್ದರೆ ಕೆಳಗಿಡಿರಿ.

(ಊ) ಶಾಲೆಯ ಊಟವನ್ನು ಕಡೆಗಣಿಸಬೇಡಿರಿ. ಅಕ್ಷರ ದಾಸೋಹವು 2002ರಲ್ಲಿ ಮೊದಲು ಆರಂಭವಾದ ಜಿಲ್ಲೆಗಳಲ್ಲಿಯೂ, 2021ರಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲಾರಂಭಿಸಿದ ಜಿಲ್ಲೆಗಳಲ್ಲಿಯೂ ನಮ್ಮದು ಒಂದು. ಬಿಸಿಯೂಟವನ್ನು ಬಿಟ್ಟು ಅಂಗಡಿಗೆ ಓಡುವ ಮಗುವನ್ನು ಬುದ್ಧಿಹೇಳಿ ತಿರಿಗಿಸಿರಿ.

(ಋ) ದಿನಕ್ಕೆ ಒಂದು ತಾಸಾದರೂ ಮಕ್ಕಳು ಉಸಿರು ಏರುವಂತೆ ಓಡಾಡಿ ಆಡಲಿ. ಹುಡುಗಿಯರಿಗೂ ಈ ಮಾತು ಸಲ್ಲುತ್ತದೆ. ರಾತ್ರಿ ಬೇಗನೆ ಮಲಗಲಿ. ನಿದ್ದೆಗೆಟ್ಟ ಮಗುವಿಗೆ ಹಸಿವೆ ಹೆಚ್ಚು.

(ೠ) ಕೂಸಿಗೆ ಆರು ತಿಂಗಳ ವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ. ಅನಂತರ ಮೆತ್ತಗೆ ಬೇಯಿಸಿದ ಮನೆಯ ಊಟವನ್ನು ಕೊಡುತ್ತಾ, ಎರಡು ವರುಷ ತುಂಬುವ ತನಕ ಮೊಲೆಯೂಡಿಸಿರಿ. ಬಿಸ್ಕೀಟು ಕೂಸಿನ ಊಟವಲ್ಲ.

ಇವೆಲ್ಲವನ್ನು ಒಂದೇ ದಿನ ಹಿಡಿದರೆ ಎಲ್ಲವೂ ಬಿಟ್ಟುಹೋಗುವವು. ತಿಂಗಳಿಗೆ ಒಂದನ್ನು ಹಿಡಿಯಿರಿ. ಹಿಡಿದದ್ದನ್ನು ಮನೆಯವರೆಲ್ಲರೂ ಹಿಡಿಯಿರಿ.

5. ಕೆಲವು ಎಚ್ಚರಿಕೆಗಳು

ಬೆಳೆಯುವ ಮಗುವಿಗೆ ಉಪವಾಸ ಮಾಡಿಸಕೂಡದು. ಬಹುತರ ಮಕ್ಕಳಲ್ಲಿ ತೂಕವು ಏರದೆ ನಿಂತು, ಎತ್ತರವು ಬೆಳೆದರೆ ಸಾಕು, ಮೈ ತಾನೇ ಸರಿಯಾಗುತ್ತದೆ. ಕಣ್ಣಳತೆಯನ್ನು ನಂಬಬೇಡಿರಿ. ಚಿಕ್ಕ ಮಕ್ಕಳ ತೂಕ ಎತ್ತರಗಳನ್ನು ಅಂಗನವಾಡಿಯಲ್ಲಿ ಅಳೆಯುತ್ತಾರೆ. ದೊಡ್ಡ ಮಕ್ಕಳನ್ನು ಸರಕಾರೀ ಆಸ್ಪತ್ರೆಗೆ ಕರಕೊಂಡು ಹೋಗಿರಿ. ಮಗುವಿನ ಕತ್ತಿನ ಹಿಂದೆ ಚರ್ಮವು ಕಪ್ಪಾಗಿ ದಪ್ಪವಾದರೆ, ಅದು ತಿಕ್ಕಿ ತೊಳೆಯತಕ್ಕ ಕೊಳೆಯಲ್ಲ, ಸಕ್ಕರೆರೋಗದ ಮುಂಗುರುತಾಗಿರಬಹುದು. ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟಿದಂತಾದರೂ, ನಡೆಯುವಾಗ ಕಾಲು ನೊಂದರೂ, ಮನೆಯಲ್ಲಿ ಸಕ್ಕರೆರೋಗದವರಿದ್ದರೂ ವೈದ್ಯರಿಗೆ ತಿಳಿಸಿರಿ. ತೂಕ ಇಳಿಸುವದೆಂದು ಮಾರುವ ಪುಡಿಗಳನ್ನೂ ಔಷಧಗಳನ್ನೂ ಮಕ್ಕಳಿಗೆ ಕೊಡಬೇಡಿರಿ.

ಎಲ್ಲಕ್ಕಿಂತ ಹೆಚ್ಚಾಗಿ, ಮಗುವಿನ ಮೈಯನ್ನು ಕುರಿತು ಹಾಸ್ಯಮಾಡಬೇಡಿರಿ. ಹೊಟ್ಟೆಬಾಕನೆಂಬ ಹೆಸರನ್ನು ಮಗುವಿಗಿಡುವದು ಅನ್ಯಾಯ. ತಿಂಡಿಯನ್ನು ಕೊಂಡವರೂ ಕೊಟ್ಟವರೂ ನಾವೇ ಅಲ್ಲವೇ? ಅವಮಾನಪಟ್ಟ ಮಗುವು ಒಬ್ಬಂಟಿಗನಾಗಿ ಕೂತು ಮತ್ತಷ್ಟು ತಿನ್ನುತ್ತದೆ.

6. ಸಭೆಯ ಪಾಲು

ದೇವರ ಮನೆಯೂ ಒಂದು ಕುಟುಂಬ. ಸಂಡೇಸ್ಕೂಲಿನಲ್ಲಿ ವಚನ ಬಾಯಿಪಾಠ ಹೇಳಿದ ಮಗುವಿಗೆ ಚಾಕಲೇಟಿನ ಬದಲಾಗಿ ಪೆನ್ಸಿಲು ಕೊಡೋಣ. ಕ್ರಿಸ್ಮಸ್ ಹಬ್ಬದ ದಿನ ಕರ್ಜಿಕಾಯಿ ತಿಂದರೆ ದೋಷವಿಲ್ಲ. ಕರ್ತನು ತಾನೇ ಕಾನಾ ಊರಿನ ಮದುವೆಯ ಊಟಕ್ಕೆ ಹೋದನು. ಹಬ್ಬವು ವರುಷಕ್ಕೊಮ್ಮೆ ಬಂದರೆ ಹಬ್ಬ. ದಿನವೂ ಬಂದರೆ ಅದು ರೋಗ. ಸುಗ್ಗಿಯ ಆರಾಧನೆಗೆ ತರುವ ಕಾಯಿಪಲ್ಯಗಳಲ್ಲಿ ಸ್ವಲ್ಪವನ್ನು ಗರ್ಭಿಣಿಯರ ಮನೆಗಳಿಗೆ ಕಳುಹಿಸೋಣ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ನಮ್ಮ ಒಣನೆಲಕ್ಕೆ ಬಂದಿರುವದರಿಂದ, ಬಚ್ಚಲ ನೀರು ಹರಿಯುವಲ್ಲಿ ಮಾತ್ರವಲ್ಲ, ಹೊಲದ ಬದುವಿನಲ್ಲಿಯೂ ನಾಲ್ಕು ನುಗ್ಗೆಯ ಗಿಡಗಳನ್ನು ನೆಡುವದು ಕಷ್ಟವಲ್ಲ.

ಮೊದಲು ಹೇಳಿದ ಮನೆಗೆ ನಾವು ಎಂಟು ತಿಂಗಳಾದ ಮೇಲೆ ಮತ್ತೆ ಹೋದೆವು. ನಡುವೆ ಉಪದೇಶಿಯ ಹೆಂಡತಿಯು ಆ ತಾಯಿಯೊಡನೆ ಕೂತು, ನಾಣ್ಯದ ಬದಲು ಹುರಿದ ಶೇಂಗಾವನ್ನೂ ಪುಟಾಣಿಯನ್ನೂ ಡಬ್ಬಿಯಲ್ಲಿ ಹಾಕಿಡುವ ಪದ್ಧತಿಯನ್ನು ಹಿಡಿಸಿದ್ದಳು. ಮೊದಲು ಚಹದ ಸಕ್ಕರೆಯನ್ನು ಬಿಟ್ಟವಳು ಆ ಅಜ್ಜಿಯೇ. ಹುಡುಗನು ತೆಳ್ಳಗಾಗಿದ್ದನೆಂದು ಹೇಳಲಾರೆವು. ಆದರೆ ತೂಕವು ಇದ್ದಲ್ಲಿಯೇ ನಿಂತಿತ್ತು, ಅವನು ಎರಡು ಬೆರಳು ಎತ್ತರವಾಗಿದ್ದನು, ಸಂಡೇಸ್ಕೂಲಿಗೂ ಬರುತ್ತಿದ್ದನು. ತಂಗಿಯ ಕೆನ್ನೆಯಲ್ಲಿ ಸ್ವಲ್ಪ ಕಳೆ ಬಂದಿತ್ತು. ಆ ಸಂಜೆ ಎಲ್ಲರೂ ಒಂದೇ ಸುತ್ತಿನಲ್ಲಿ ಕೂತು ರೊಟ್ಟಿ ಪಲ್ಯ ಉಂಡರು. ತಾಯಿಯೂ ಕಡೆಗಲ್ಲ, ಅವರ ಸಂಗಡಲೇ ಉಂಡಳು.

ಮೊಟ್ಟೆ ಬೇಡಿದ ಮಗನ ಕೈಯಲ್ಲಿ ಚೇಳನ್ನಿಡುವ ತಂದೆ ಯಾರೂ ಇಲ್ಲವೆಂದು ಕರ್ತನು ಶಿಷ್ಯರಿಗೆ ತಿಳಿಸಿದನು. ನಾವಾದರೂ ತಿಳಿದು ತಿಳಿದು ಹಾಗೆ ಮಾಡುವವರಲ್ಲ. ಆದರೆ ಬಣ್ಣದ ಪೊಟ್ಟಣದೊಳಗೆ ಏನಿದೆ ಎಂದು ನೋಡದೆ ಕೊಟ್ಟಿದ್ದೇವೆ. ಇನ್ನು ಮೇಲೆ ನೋಡಿ ಕೊಡೋಣ. ಪರಲೋಕದ ತಂದೆಯು ಆ ವಿವೇಕವನ್ನು ಬೇಡುವವರಿಗೆ ದಯಪಾಲಿಸುವನು.

ಮನೆಯ ಪ್ರಾರ್ಥನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಮನ್ನವನ್ನು ಕೂಡಿಸುವದರಲ್ಲಿ ದೇವರು ಮನೆಗೆ ಮನೆಗೆ ಅಳತೆಯನ್ನು ನೇಮಿಸಿದ್ದು ಯಾಕೆ?

2. ನಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರು ಯಾರು? ಅವರ ಪಾಲಿಗೆ ಏನು ಉಳಿಯುತ್ತದೆ?

3. ಕಳೆದ ವಾರ ಪೊಟ್ಟಣದ ತಿಂಡಿಗಾಗಿ ಎಷ್ಟು ಹಣ ವೆಚ್ಚವಾಯಿತು?

4. ಬರುವ ತಿಂಗಳು ಮನೆಯವರೆಲ್ಲರೂ ಕೂಡಿ ಹಿಡಿಯತಕ್ಕ ಒಂದು ನೇಮ ಯಾವದು?